ಪೊಲೀಸರು ಬರುವ ಮುಂಚೆ

2008ರ ನವೆಂಬರ್ 26ರ ರಾತ್ರಿ ಮುಂಬೈಯ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ವಿಷ್ಣು ದತ್ತಾರಾಮ್ ಝೆಂಡೆ ಡ್ಯೂಟಿಯ ಮೇಲಿದ್ದರು. ಯಾವ ಲೋಕಲ್ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ತಡ ಎಂದು ಮೈಕಿನಲ್ಲಿ ಹೇಳುವುದು ಅವರ ಕೆಲಸ. ಅವರು ಕೂರುವ ಕೋಣೆ ಎತ್ತರದಲ್ಲಿತ್ತು. ಗಾಜಿನ ಕಿಟಕಿಯಿಂದ ಕೆಳಗೆ ಓಡಾಡುವ ಜನ ಕಾಣುತ್ತಿದ್ದರು. ಹತ್ತು ಗಂಟೆಯಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ದೂರದೂರಿನ ರೈಲುಗಳು ನಿಲ್ಲುವ ಕಡೆಯಿಂದ ಭಾರಿ ಸದ್ದು ಬಂತು. ಏನೋ ಸ್ಫೋಟವಾಗಿದೆ ಅಂದುಕೊಂಡರು. ಆಮೇಲೆ ಜನ ದಿಕ್ಕೆಟ್ಟು ಓಡುವುದು ಕಂಡಿತು, ಬಂದೂಕು ಹಿಡಿದವರು ಕಂಡರು. ಝೆಂಡೆ ಕುರ್ಚಿ ಬಿಟ್ಟು ಓಡಲಿಲ್ಲ. ಮೇನ್ ಲೈನ್ ಕಡೆಗೆ ಯಾರೂ ಹೋಗಬೇಡಿ, ಒಂದನೇ ಪ್ಲಾಟ್‌ಫಾರ್ಮಿನ ಹಿಂದಿನ ದಾರಿಯಿಂದ ಹೊರಗೆ ಹೋಗಿ ಎಂದು ಹಿಂದಿಯಲ್ಲಿ, ಮರಾಠಿಯಲ್ಲಿ ಮತ್ತೆ ಮತ್ತೆ ಹೇಳಿದರು. ರೈಲ್ವೆ ಪೊಲೀಸರನ್ನೂ ಅದೇ ಮೈಕಿನಲ್ಲಿ ಕರೆದರು. ದನಿ ಎಲ್ಲಿಂದ ಬರುತ್ತಿದೆ ಎಂಬುದು ಗೊತ್ತಾದಾಗ ಆ ಕೋಣೆಯ ಮೇಲೂ ಗುಂಡು ಹಾರಿತು.

ಆ ನಿಲ್ದಾಣ ನಮ್ಮವರಿಗೆ ಹೊಸದಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲಬುರಗಿಗೋ ಬೆಂಗಳೂರಿಗೋ ಬರುವವರು ಗಂಟುಮೂಟೆ ಇಟ್ಟುಕೊಂಡು ಕಾಯುವ ಜಾಗ ಅದು. ಅಂದು ರಾತ್ರಿ ಅಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹುಪಾಲು ಜನ ದೂರದ ರೈಲಿಗಾಗಿ ಕಾಯುತ್ತಾ ಕುಳಿತಿದ್ದ ಬಡ ಪ್ರಯಾಣಿಕರು. ಲೋಕಲ್ ರೈಲುಗಳ ಕಡೆಯಿದ್ದ ನೂರಾರು ಜನ ಝೆಂಡೆಯ ದನಿ ಕೇಳಿ ಹಿಂದಿನ ದಾರಿ ಹಿಡಿದು ಬದುಕಿದರು.

ಝೆಂಡೆಯ ಕೈಯಲ್ಲಿ ಕೋಲೂ ಇರಲಿಲ್ಲ. ನಡೆಯುತ್ತಿರುವುದು ಅವರಿಗೆ ಕಾಣುತ್ತಿತ್ತು, ಎದುರಿಗೆ ಮೈಕ್ ಇತ್ತು, ಹಿಂದೆ ಒಂದು ದಾರಿ ಇದೆ ಎಂಬುದು ಗೊತ್ತಿತ್ತು. ಸಾರ್ವಜನಿಕ ಜಾಗದಲ್ಲಿ ಇದ್ದಕ್ಕಿದ್ದಂತೆ ಹಿಂಸೆ ಎರಗಿದಾಗ ಜನರನ್ನು ಉಳಿಸುವುದು ಮುಖ್ಯವಾಗಿ ಇಂಥವೇ. ಪೊಲೀಸರು ಎಷ್ಟೇ ಬೇಗ ಬಂದರೂ ಒಂದಷ್ಟು ನಿಮಿಷ ಹಿಡಿಯುತ್ತದೆ. ಅಂದು ಎನ್‌ಎಸ್‌ಜಿ ಕಮಾಂಡೊಗಳು ದೆಹಲಿ ಕಡೆಯಿಂದ ಮುಂಬೈ ಮುಟ್ಟುವಾಗ ಮರುದಿನವಾಗಿತ್ತು. ನಮ್ಮ ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತಾಜ್ ಹೋಟೆಲಿನೊಳಗೆ ಹೋರಾಡುತ್ತಾ ಪ್ರಾಣ ಕೊಟ್ಟಿದ್ದು ನವೆಂಬರ್ 28ರಂದು. ಅವರ ಸಾಹಸಕ್ಕೆ ನಾವು ತಲೆಬಾಗುತ್ತೇವೆ, ರಸ್ತೆಗೆ ಹೆಸರಿಡುತ್ತೇವೆ. ಆದರೆ ಕಮಾಂಡೊ ಬರುವವರೆಗಿನ ಹೊತ್ತು ಅಲ್ಲಿ ಸಿಕ್ಕಿಕೊಂಡ ಸಾಮಾನ್ಯ ಜನರದ್ದು. ಆ ಹೊತ್ತಿನಲ್ಲಿ ಏನು ಮಾಡಬೇಕು ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಬಾಗಿಲಲ್ಲಿ ಬ್ಯಾಗು ಬಿಚ್ಚಿಸಿ ನೋಡುವುದನ್ನೇ ಭದ್ರತೆ ಎಂದು ನಂಬಿ ಕುಳಿತಿದ್ದೇವೆ. ನನ್ನ ತಕರಾರು ಇರುವುದು ಇಲ್ಲೇ.

ಪಟಾಕಿ ಇರಬೇಕು

ಅದೇ ರಾತ್ರಿ ಮುಂಬೈಯ ಕೊಲಾಬಾದ ಲಿಯೋಪೋಲ್ಡ್ ಕೆಫೆಯ ಮೇಲೆ ದಾಳಿಯಾದಾಗ ಹತ್ತಿರದಲ್ಲಿದ್ದ ಅನೇಕರು ಅದನ್ನು ಪಟಾಕಿಯ ಸದ್ದು ಎಂದೇ ಭಾವಿಸಿದ್ದರು. ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ 2024ರ ಮಾರ್ಚ್ 1ರ ಮಧ್ಯಾಹ್ನ, ಊಟದ ಹೊತ್ತಿಗೆ ಬಾಂಬ್ ಸಿಡಿದಾಗ ಮೊದಲು ಹಬ್ಬಿದ ಸುದ್ದಿ ಗ್ಯಾಸ್ ಸಿಲಿಂಡರ್ ಒಡೆಯಿತು ಎಂಬುದು. ಗಿರಾಕಿಯ ಹಾಗೆ ಬಂದವನು ಕೈತೊಳೆಯುವ ಜಾಗದ ಹತ್ತಿರ ಬ್ಯಾಗು ಇಟ್ಟು ಹೋಗಿದ್ದ ಎಂಬುದು ಆಮೇಲೆ ತಿಳಿಯಿತು. ಅದೃಷ್ಟಕ್ಕೆ ಅಲ್ಲಿ ಯಾರೂ ಸಾಯಲಿಲ್ಲ.

ಹೀಗೆ ಯೋಚಿಸುವುದು ದಡ್ಡತನವಲ್ಲ. ಮದುವೆಗೆ, ಗಣೇಶನ ಮೆರವಣಿಗೆಗೆ, ಕ್ರಿಕೆಟ್ ಗೆದ್ದದ್ದಕ್ಕೆ, ಚುನಾವಣೆ ಗೆದ್ದದ್ದಕ್ಕೆ ಪಟಾಕಿ ಹೊಡೆಯುವ ಊರಿನಲ್ಲಿ ಢಂ ಅಂದ ಕೂಡಲೇ ಬಂದೂಕು ನೆನಪಾಗುವುದಿಲ್ಲ. ಮನಸ್ಸು ತನಗೆ ಗೊತ್ತಿರುವ, ತಾನು ತಾಳಿಕೊಳ್ಳಬಲ್ಲ ವಿವರಣೆಯನ್ನೇ ಮೊದಲು ಹುಡುಕುತ್ತದೆ. ಜೊತೆಗೆ ನಾವು ಪಕ್ಕದವರ ಮುಖ ನೋಡುತ್ತೇವೆ. ಪಕ್ಕದವರು ನಮ್ಮ ಮುಖ ನೋಡುತ್ತಿರುತ್ತಾರೆ. ಯಾರೂ ಅಲುಗಾಡದಿದ್ದರೆ ಏನೂ ಆಗಿಲ್ಲ ಎಂದು ಇಡೀ ಹಾಲ್ ತನಗೆ ತಾನೇ ಧೈರ್ಯ ಹೇಳಿಕೊಂಡು ಕೂರುತ್ತದೆ. ಜಾಗ ಬಿಡಲು ಸಿಗುವ ಅತ್ಯಂತ ಒಳ್ಳೆಯ ಸಮಯ ಹಾಗೆ ಕಳೆದುಹೋಗುತ್ತದೆ.

ಆದ್ದರಿಂದ ಹೇಳುತ್ತೇನೆ: ಅನುಮಾನ ಬಂದರೆ ಮೊದಲು ಎದ್ದು ದೂರ ಹೋಗಿ, ಆಮೇಲೆ ಯೋಚಿಸಿ. ಪಟಾಕಿಯೇ ಆಗಿದ್ದರೆ ವಾಪಸ್ ಬಂದು ಕೂರಬಹುದು. ನೋಡಿಬರೋಣ ಎಂದು ಸದ್ದು ಬಂದ ಕಡೆಗೇ ಹೆಜ್ಜೆ ಹಾಕುವ ಕುತೂಹಲ ನಮ್ಮಲ್ಲಿ ಬಹಳ. ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಾ ನಡೆಯುವವರ ಕಣ್ಣು ಪರದೆಯ ಮೇಲಿರುತ್ತದೆ, ಎದುರಿನ ಅಪಾಯದ ಮೇಲಿರುವುದಿಲ್ಲ.

ಬಂದ ಬಾಗಿಲು, ಬಿಡುವ ಬಾಗಿಲು

ಅಮೆರಿಕದ ಹ್ಯೂಸ್ಟನ್ ನಗರಾಡಳಿತ 2012ರಲ್ಲಿ ಒಂದು ಚಿಕ್ಕ ಚಿತ್ರ ಮಾಡಿಸಿತು. ಬಂದೂಕುಧಾರಿ ನುಗ್ಗಿದರೆ ಓಡಿ, ಓಡಲಾಗದಿದ್ದರೆ ಅಡಗಿ, ಅದೂ ಆಗದಿದ್ದರೆ ಕೊನೆಗೆ ಎದುರಿಸಿ ಎಂಬುದು ಅದರ ಪಾಠ. ಬ್ರಿಟನ್ ಮೂರನೆಯದನ್ನು ಬದಲಿಸಿ ಓಡಿ, ಅಡಗಿ, ತಿಳಿಸಿ ಎಂದಿತು. ಆಸ್ಟ್ರೇಲಿಯಾ ಕಲಿಸುವುದೂ ಹೆಚ್ಚುಕಡಿಮೆ ಇದನ್ನೇ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಶಾಲೆಯಲ್ಲಿ ಬಾಗಿಲು ಭದ್ರ ಮಾಡಿ ಸದ್ದಿಲ್ಲದೆ ಮೂಲೆಗೆ ಸೇರುವ ಡ್ರಿಲ್ ಮಾಡಿ ಬೆಳೆಯುತ್ತಾರೆ. ಮಕ್ಕಳಿಗೆ ಇಂಥದನ್ನು ಕಲಿಸಬೇಕಾಗಿ ಬಂದಿದೆಯಲ್ಲ ಎಂದು ಸಂಕಟವಾಗುತ್ತದೆ, ನಿಜ. ಆದರೂ ಆ ಕ್ರಮದ ಹಿಂದಿನ ಅನುಭವವನ್ನು ತಳ್ಳಿಹಾಕುವಂತಿಲ್ಲ. ಅಪಾಯದಿಂದ ದೂರ ಹೋಗಲು ಒಂದು ದಾರಿಯಿದ್ದರೆ ಅದಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

ಕಷ್ಟವೆಂದರೆ ಆ ದಾರಿ ನಮಗೆ ಹೊಳೆಯುವುದಿಲ್ಲ. ಗಾಬರಿಯಾದಾಗ ಎಲ್ಲರೂ ತಾವು ಒಳಗೆ ಬಂದ ಬಾಗಿಲಿಗೇ ನುಗ್ಗುತ್ತಾರೆ. ಎಷ್ಟೋ ಸಲ ಅಪಾಯವೂ ಅದೇ ಬಾಗಿಲಿನಿಂದ ಬಂದಿರುತ್ತದೆ. ದರ್ಶಿನಿಯಲ್ಲಿ ಅಡುಗೆಮನೆಗೆ ಹಿಂದೊಂದು ಬಾಗಿಲು ಇರುತ್ತದೆ. ಸಿಲಿಂಡರು, ತರಕಾರಿ ಬರುವುದು ಅಲ್ಲಿಂದ. ಮಾಲ್‌ನ ಅಂಗಡಿಗಳ ಹಿಂದೆ ಸಾಮಾನು ಸಾಗಿಸುವ ಉದ್ದದ ಓಣಿ ಇರುತ್ತದೆ. ಥಿಯೇಟರಿನಲ್ಲಿ ಪರದೆಯ ಅಕ್ಕಪಕ್ಕ ಬಾಗಿಲುಗಳಿರುತ್ತವೆ. ಕಲ್ಯಾಣ ಮಂಟಪದಲ್ಲಿ ಊಟದ ಹಾಲಿನಿಂದ, ಪಾತ್ರೆ ತೊಳೆಯುವ ಕಡೆಯಿಂದ ಹೊರಗೆ ದಾರಿ ಇರುತ್ತದೆ. ಒಳಗೆ ಹೋಗಿ ಕೂರುವಾಗ ಒಮ್ಮೆ ಕಣ್ಣಾಡಿಸಿ ಇನ್ನೊಂದು ದಾರಿ ಎಲ್ಲಿದೆ ಎಂದು ನೋಡಿಟ್ಟುಕೊಂಡರೆ ಸಾಕು. ಅದಕ್ಕೆ ಹೆದರಿಕೆ ಬೇಕಿಲ್ಲ. ಇಂಥ ದಾಳಿ ಒಬ್ಬ ಮನುಷ್ಯನ ಆಯುಷ್ಯದಲ್ಲಿ ನಡೆಯುವ ಸಂಭವ ತೀರಾ ಕಡಿಮೆ. ಬೆಂಕಿ ಬಿದ್ದರೂ ಅದೇ ಬಾಗಿಲು ಬೇಕಾಗುತ್ತದೆ.

ಹೊರಡುವಾಗ ಬ್ಯಾಗು ಬಿಡಿ, ಚಪ್ಪಲಿ ಬಿಡಿ, ಮದುವೆ ಮನೆಯಾದರೆ ಒಡವೆಯ ಡಬ್ಬಿಯನ್ನೂ ಬಿಡಿ. ಮಕ್ಕಳ ಕೈ ಹಿಡಿಯಿರಿ. ಲಿಫ್ಟ್ ಹತ್ತಬೇಡಿ, ಬಾಗಿಲು ತೆರೆಯುವ ಮಹಡಿಯಲ್ಲಿ ಯಾರಿದ್ದಾರೆ ಎಂಬುದು ತಿಳಿಯುವುದಿಲ್ಲ. ಬರಲೊಲ್ಲದವರನ್ನು ಕರೆಯಿರಿ, ಆದರೆ ಅವರನ್ನು ಒಪ್ಪಿಸುತ್ತಾ ನಿಲ್ಲಬೇಡಿ. ಹೊರಗೆ ಬಂದಮೇಲೆ ಗೇಟಿನ ಹತ್ತಿರ ಗುಂಪುಗೂಡುವುದು ನಮ್ಮ ದೊಡ್ಡ ತಪ್ಪು. 2010ರ ಏಪ್ರಿಲ್ 17ರಂದು ಐಪಿಎಲ್ ಪಂದ್ಯಕ್ಕೆ ಮುಂಚೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೋಡೆಯ ಬಳಿ ಎರಡು ಬಾಂಬ್ ಸಿಡಿದವು. ಹುಡುಕಿದಾಗ ಸಿಡಿಯದೆ ಉಳಿದವೂ ಸಿಕ್ಕವು. ಒಂದು ಸಿಡಿದ ಜಾಗದಲ್ಲಿ ಇನ್ನೊಂದು ಇರಬಹುದು ಎಂದೇ ಭಾವಿಸಿ ಎರಡು ಮೂರು ರಸ್ತೆ ದಾಟಿ ಹೋಗಬೇಕು. ಪೊಲೀಸರ, ಆಂಬುಲೆನ್ಸಿನ ದಾರಿಯೂ ಆಗ ತೆರವಾಗುತ್ತದೆ.

ನೂಕುನುಗ್ಗಲಿನ ಮಾತನ್ನೂ ಇಲ್ಲಿ ಆಡಲೇಬೇಕು. 2025ರ ಜೂನ್ 4ರಂದು ಅದೇ ಚಿನ್ನಸ್ವಾಮಿಯ ಗೇಟುಗಳ ಬಳಿ 11 ಮಂದಿ ಪ್ರಾಣ ಬಿಟ್ಟರು. ಅಲ್ಲಿ ಬಾಂಬ್ ಇರಲಿಲ್ಲ, ಬಂದೂಕು ಇರಲಿಲ್ಲ. ಗೆಲುವಿನ ಸಂಭ್ರಮಕ್ಕೆ ಬಂದ ಜನರ ಒತ್ತಡವೇ ಸಾಕಾಯಿತು. ಹಿಂಸೆಗೆ ಹೆದರಿ ಓಡುವ ಜನ ಇನ್ನೂ ರಭಸದಲ್ಲಿರುತ್ತಾರೆ. ಒತ್ತಡದಲ್ಲಿ ಸಿಕ್ಕರೆ ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿ ಉಸಿರಾಡಲು ಜಾಗ ಕಾಯ್ದುಕೊಳ್ಳಿ. ಎದುರು ಈಜಬೇಡಿ, ಹರಿವಿನ ಜೊತೆಯಲ್ಲೇ ಓರೆಯಾಗಿ ಅಂಚಿಗೆ ಸರಿಯಿರಿ. ಬಿದ್ದ ಮೊಬೈಲಿಗೆ ಬಗ್ಗಬೇಡಿ. ಬಿದ್ದೇಬಿಟ್ಟರೆ ಮಗ್ಗುಲಾಗಿ ಮುದುಡಿ ತಲೆಗೆ ಕೈ ಕೊಡಿ, ಸಂದು ಸಿಕ್ಕ ಕೂಡಲೇ ಏಳಿ.

ಓಡಲಾಗದವರು

ಓಡಿ ಎನ್ನುವ ಸಲಹೆ ಕಾಲು ಗಟ್ಟಿ ಇರುವವರಿಗೆ. ತುಂಬು ಗರ್ಭಿಣಿ, ಮಂಡಿನೋವಿನ ಅಜ್ಜಿ, ಗಾಲಿಕುರ್ಚಿಯಲ್ಲಿರುವವರು, ಕೈಗೂಸು ಎತ್ತಿಕೊಂಡ ತಾಯಿ ಏನು ಮಾಡಬೇಕು? ಇದಕ್ಕೆ ಅದೇ ಮುಂಬೈ ರಾತ್ರಿಯಲ್ಲಿ ಉತ್ತರವಿದೆ. ಅದನ್ನು ಕೊಟ್ಟವರು ಅಂಜಲಿ ಕುಲ್ತೆ ಎಂಬ ಸ್ಟಾಫ್ ನರ್ಸ್.

ರೈಲು ನಿಲ್ದಾಣದಿಂದ ಹೊರಟ ಇಬ್ಬರು ಬಂದೂಕುಧಾರಿಗಳು ಹತ್ತಿರದ ಕಾಮಾ ಆಸ್ಪತ್ರೆಗೆ ನುಗ್ಗಿದರು. ಅದು ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ. ಕುಲ್ತೆ ಅವರ ವಾರ್ಡಿನಲ್ಲಿ 20 ಮಂದಿ ಗರ್ಭಿಣಿಯರಿದ್ದರು. ಗೇಟು ಹತ್ತಿ ಒಳಗೆ ಬರುತ್ತಿದ್ದವರನ್ನು ಅವರು ಕಿಟಕಿಯಿಂದ ಕಂಡರು, ಕಾವಲುಗಾರರು ಗುಂಡಿಗೆ ಬಲಿಯಾದದ್ದನ್ನೂ ಕಂಡರು. ವಾರ್ಡಿನ ದಪ್ಪ ಬಾಗಿಲುಗಳನ್ನು ಮುಚ್ಚಿದರು. ಎಲ್ಲ ಹೆಂಗಸರನ್ನೂ ಕೊನೆಯಲ್ಲಿದ್ದ ಪ್ಯಾಂಟ್ರಿ ಕೋಣೆಗೆ ಸೇರಿಸಿದರು. ದೀಪ ಆರಿಸಿದರು. ಹೊರಗೆ ಗುಂಡು, ಗ್ರೆನೇಡುಗಳ ಸದ್ದು. ಒಳಗೆ ಕತ್ತಲೆಯಲ್ಲಿ ಉಸಿರು ಬಿಗಿಹಿಡಿದ 20 ತಾಯಂದಿರು. ಅವರಲ್ಲಿ ಒಬ್ಬರಿಗೆ ಅಷ್ಟರಲ್ಲಿ ಹೆರಿಗೆ ನೋವು ಕಾಣಿಸಿಕೊಂಡಿತು, ಆಕೆಗೆ ರಕ್ತದೊತ್ತಡವೂ ಹೆಚ್ಚಿತ್ತು. ಕುಲ್ತೆ ಆಕೆಯ ಕೈ ಹಿಡಿದು ಗೋಡೆಯ ಪಕ್ಕದಲ್ಲೇ ಮೆಟ್ಟಿಲು ಹತ್ತಿಸಿ ಹೆರಿಗೆ ಕೋಣೆ ಮುಟ್ಟಿಸಿದರು. ಆ 20 ಹೆಂಗಸರೂ ಬದುಕಿದರು. ಮುಂದೆ ಕುಲ್ತೆ ಆ ಇಬ್ಬರು ಬಂದೂಕುಧಾರಿಗಳಲ್ಲಿ ಜೀವಂತ ಸೆರೆಸಿಕ್ಕ ಕಸಬ್‌ನನ್ನು ಗುರುತಿಸಿ ಸಾಕ್ಷಿ ಹೇಳಿದರು. 2022ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಎದುರೂ ಆ ರಾತ್ರಿಯ ಕಥೆ ಹೇಳಿದರು.

ಅಡಗುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಅವರು ಮಾಡಿದ್ದನ್ನೇ ನೋಡಿ. ಗಟ್ಟಿ ಬಾಗಿಲಿರುವ ಕೋಣೆ ಆರಿಸಿದರು. ಬಾಗಿಲು ಭದ್ರ ಮಾಡಿದರು. ಬೆಳಕು ತೆಗೆದರು. ಎಲ್ಲರನ್ನೂ ಬಾಗಿಲಿಂದ ದೂರ, ಕೊನೆಗೆ ಸೇರಿಸಿದರು. ಬಾಗಿಲಿಗೆ ಬೀಗವಿಲ್ಲದಿದ್ದರೆ ಬೀರು, ಮೇಜು, ಫ್ರಿಜ್ಜು, ಸಿಕ್ಕಿದ್ದನ್ನು ಅಡ್ಡ ನೂಕಬೇಕು. ಬಾಗಿಲಿನ ನೇರಕ್ಕೆ ಕೂರಬಾರದು, ಪಕ್ಕದ ಗೋಡೆಗೆ ಒತ್ತಿ ನೆಲದ ಮೇಲೆ ಕೂರಬೇಕು. ಇಲ್ಲಿ ಒಂದು ವಿಷಯ ಸಿನಿಮಾಗಳು ನಮಗೆ ತಪ್ಪಾಗಿ ಕಲಿಸಿವೆ. ಕಾರಿನ ಬಾಗಿಲು, ಪ್ಲೈವುಡ್ ಗೋಡೆ, ಸೋಫಾ, ಊಟದ ಮೇಜು ಇವು ಮರೆಮಾಡುತ್ತವೆ ಅಷ್ಟೆ, ಗುಂಡು ತಡೆಯುವುದಿಲ್ಲ. ತಡೆಯುವುದು ಇಟ್ಟಿಗೆ ಗೋಡೆ, ಕಾಂಕ್ರೀಟ್ ಕಂಬ, ಕಾರಿನ ಇಂಜಿನ್ ಇರುವ ಭಾಗ. ಗಾಜಿನಿಂದಲಂತೂ ದೂರ ಇರಬೇಕು. ಬಾಂಬ್ ಸ್ಫೋಟದಲ್ಲಿ ಒಡೆದ ಗಾಜೇ ಎಷ್ಟೋ ಜನರನ್ನು ಕೊಯ್ದುಹಾಕುತ್ತದೆ.

ಬಯಲಿನಲ್ಲಿ ಇದೆಲ್ಲ ಎಷ್ಟು ಕಷ್ಟ ಎಂಬುದನ್ನು 2025ರ ಏಪ್ರಿಲ್ 22 ನಮಗೆ ತೋರಿಸಿದೆ. ಪಹಲ್ಗಾಮಿನ ಬೈಸರನ್ ಹುಲ್ಲುಗಾವಲಿನಲ್ಲಿ ಕೊಲೆಯಾದ 26 ಮಂದಿಯಲ್ಲಿ ನಮ್ಮ ಶಿವಮೊಗ್ಗದವರು, ಬೆಂಗಳೂರಿನವರು ಇದ್ದರು. ಸುತ್ತ ಬಯಲು, ಎದುರಿಗೆ ಬಂದೂಕು. ಅಲ್ಲಿ ಅವರು ಏನು ಮಾಡಬೇಕಿತ್ತು ಎಂದು ಇಲ್ಲಿ ಕುಳಿತು ಹೇಳುವ ಹಕ್ಕು ಯಾರಿಗೂ ಇಲ್ಲ. ಸಿದ್ಧತೆ ಎಲ್ಲರನ್ನೂ ಉಳಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಉಳಿಯಬಹುದಾದವರು ಉಳಿಯಲಿ ಎಂಬುದಷ್ಟೇ ನನ್ನ ಕಾಳಜಿ.

ಎದುರಿಸುವ ಮಾತು ಕೊನೆಯದು. ಗಿರಗಾಂವ್ ಚೌಪಾಟಿಯಲ್ಲಿ ಕಸಬ್‌ನ ಬಂದೂಕಿನ ನಳಿಗೆಯನ್ನೇ ಹಿಡಿದುಕೊಂಡು ಗುಂಡು ತಿಂದ ತುಕಾರಾಮ್ ಓಂಬ್ಳೆ ಪೊಲೀಸ್ ಸಿಬ್ಬಂದಿ. ಅವರ ಬಲಿದಾನದಿಂದ ಕಸಬ್ ಜೀವಂತ ಸಿಕ್ಕ. ಸಾಮಾನ್ಯರು ಇದನ್ನು ಮಾದರಿ ಮಾಡಿಕೊಂಡು ಮುನ್ನುಗ್ಗಬೇಕಿಲ್ಲ. ದಾರಿಯೂ ಇಲ್ಲ, ಅಡಗಲು ಜಾಗವೂ ಇಲ್ಲ, ಎದುರಿಗೇ ಬಂದು ನಿಂತಿದ್ದಾನೆ ಎಂದಾಗ ಮಾತ್ರ ಕೈಗೆ ಸಿಕ್ಕಿದ್ದರಿಂದ, ಕುರ್ಚಿ, ಬೆಂಕಿ ಆರಿಸುವ ಸಿಲಿಂಡರು ಏನಾದರೂ ಸರಿ, ಎಲ್ಲರೂ ಒಟ್ಟಾಗಿ ಎರಗಬೇಕು. ಅರೆಮನಸ್ಸಿನಿಂದ ಮಾಡುವ ಕೆಲಸ ಅಲ್ಲ ಅದು.

ಮೊಬೈಲ್ ಕೈಯಲ್ಲಿದ್ದಾಗ

ಅಡಗಿದ ಕೋಣೆಯಲ್ಲಿ ಫೋನು ಪೂರ್ತಿ ಮೌನವಾಗಿರಬೇಕು. ವೈಬ್ರೇಷನ್ ಸದ್ದೂ ನಿಶ್ಶಬ್ದದಲ್ಲಿ ಕೇಳಿಸುತ್ತದೆ. ಮಾತಾಡುವ ಹಾಗಿದ್ದರೆ 112ಕ್ಕೆ ಕರೆ ಮಾಡಿ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಈಗ ಅದೊಂದೇ ಸಂಖ್ಯೆ. ಎಲ್ಲಿದ್ದೀರಿ ಎಂಬುದನ್ನು ಮೊದಲು ಹೇಳಿ, ಕರೆ ಕಡಿದರೂ ವಿಳಾಸ ಮುಟ್ಟಿರುತ್ತದೆ. ಆಮೇಲೆ ದಾಳಿಕೋರರು ಎಷ್ಟು ಮಂದಿ, ಕೈಯಲ್ಲಿ ಏನಿದೆ, ಕೊನೆಗೆ ಯಾವ ಕಡೆ ಹೋದರು, ಗಾಯಗೊಂಡವರು ಎಲ್ಲಿದ್ದಾರೆ ಎಂದು ಹೇಳಿ. 112 ಇಂಡಿಯಾ ಆ್ಯಪ್‌ನಲ್ಲಿ ಮಾತಿಲ್ಲದೆ ನೆರವು ಕೇಳುವ ಗುಂಡಿಯಿದೆ. ನಿಮ್ಮ ಫೋನಿನಲ್ಲಿ ತುರ್ತು ಕರೆ ಹೇಗೆ ಹೋಗುತ್ತದೆ ಎಂಬುದನ್ನು ಬಿಡುವಿನಲ್ಲಿ ಮನೆಯ ಹಿರಿಯರಿಗೂ ತೋರಿಸಿಕೊಡಿ. ಒಳಗೆ ಸಿಕ್ಕಿಕೊಂಡವರಿಗೆ ಹೊರಗಿನವರು ಪದೇಪದೇ ಕರೆ ಮಾಡುವುದು ಬೇಡ; ಹುಷಾರಾ ಎಂಬ ಒಂದು ಸಂದೇಶ ಕಳಿಸಿ ಕಾಯಬೇಕು.

ಇನ್ನು ನೇರ ಪ್ರಸಾರ. ಮುಂಬೈ ದಾಳಿಯ ದಿನಗಳಲ್ಲಿ ಟಿವಿ ವಾಹಿನಿಗಳು ಕಮಾಂಡೊಗಳ ಚಲನವಲನವನ್ನು ದೇಶಕ್ಕೆಲ್ಲ ತೋರಿಸುತ್ತಿದ್ದವು. ಗಡಿಯಾಚೆ ಕುಳಿತು ದಾಳಿ ನಡೆಸುತ್ತಿದ್ದವರು ಅದೇ ಟಿವಿ ನೋಡಿ ಒಳಗಿದ್ದವರಿಗೆ ಫೋನಿನಲ್ಲಿ ಸೂಚನೆ ಕೊಡುತ್ತಿದ್ದರು. ಸುಪ್ರೀಂ ಕೋರ್ಟ್ 2012ರ ಆಗಸ್ಟ್ 29ರ ಕಸಬ್ ತೀರ್ಪಿನಲ್ಲಿ ಮಾಧ್ಯಮದ ಈ ನಡವಳಿಕೆಯನ್ನು ಕಟುವಾಗಿ ಟೀಕಿಸಿತು. ಭಯೋತ್ಪಾದಕರ ವಿರುದ್ಧ ಕಾರ್ಯಾಚರಣೆ ನಡೆಯುವಾಗ ನೇರ ಪ್ರಸಾರ ಮಾಡಬಾರದು ಎಂದು 2015ರಲ್ಲಿ ಕೇಬಲ್ ಟಿವಿ ನಿಯಮವೂ ಬಂತು. ಅಂದು ಓಬಿ ವ್ಯಾನ್ ಬೇಕಿದ್ದ ಕೆಲಸವನ್ನು ಇಂದು ಕಾಲೇಜು ಹುಡುಗನ ಮೊಬೈಲ್ ಮಾಡುತ್ತದೆ. ನಮ್ಮವರು ಮೂರನೇ ಮಹಡಿಯ ಬಾತ್‌ರೂಮಿನಲ್ಲಿ ಅಡಗಿದ್ದಾರೆ ಎಂದು ಗಾಬರಿಯಿಂದ ಗ್ರೂಪಿಗೆ ಹಾಕಿದ ಒಂದು ಸಾಲು ಅವರ ಪ್ರಾಣಕ್ಕೇ ಎರವಾಗಬಹುದು. ಅದನ್ನು 112ಕ್ಕೆ ಹೇಳಿ, ಗ್ರೂಪಿಗೆ ಬೇಡ. ನೀವು ತೆಗೆದ ಚಿತ್ರ ತನಿಖೆಗೆ ಬೇಕಾಗಬಹುದು. ಅಳಿಸದೆ ಇಟ್ಟುಕೊಂಡು ಪೊಲೀಸರಿಗೆ ಕೊಡಿ.

ಪೊಲೀಸರು ಒಳಗೆ ಬಂದಾಗ ಓಡಿಹೋಗಿ ಅವರ ತೋಳು ಹಿಡಿಯಬೇಡಿ. ಯಾರು ಯಾರೆಂದು ಅವರಿಗೂ ಗೊತ್ತಿರುವುದಿಲ್ಲ. ಎರಡೂ ಕೈ ಖಾಲಿ, ಎತ್ತಿದಂತೆ, ಬೆರಳು ಬಿಡಿಸಿ ಕಾಣುವಂತಿರಲಿ. ಗದರಿದರೂ, ನೆಲಕ್ಕೆ ಮಲಗಿಸಿದರೂ ಹೇಳಿದ ಹಾಗೆ ಕೇಳಿ. ಮೊದಲು ಬಂದವರು ಗಾಯಾಳುಗಳನ್ನು ದಾಟಿಕೊಂಡು ಹೋದರೆ ಅದು ನಿರ್ದಯವಲ್ಲ, ದಾಳಿಯನ್ನು ನಿಲ್ಲಿಸುವುದು ಅವರ ಮೊದಲ ಕೆಲಸ.

ರಕ್ತ ನಿಲ್ಲಿಸುವ ಕೈ

ಹಾಗಾದರೆ ಗಾಯಾಳುಗಳನ್ನು ನೋಡುವವರು ಯಾರು? 2017ರ ಮೇ 22ರ ರಾತ್ರಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಸಂಗೀತ ಕಾರ್ಯಕ್ರಮ ಮುಗಿದು ಜನ ಹೊರಬರುವಾಗ ಆತ್ಮಾಹುತಿ ಬಾಂಬ್ ಸಿಡಿದು 22 ಮಂದಿ ಸತ್ತರು. ಮುಂದುವರಿದ ದೇಶದ ದೊಡ್ಡ ನಗರ ಅದು. ಆದರೂ ಅಗ್ನಿಶಾಮಕ ದಳ ಅಲ್ಲಿಗೆ ಬಂದದ್ದು ಎರಡು ಗಂಟೆಗೂ ಹೆಚ್ಚು ತಡವಾಗಿ. ಬಾಂಬ್ ಸಿಡಿದ ಹಾಲಿನೊಳಗೆ ಹೋದ ಆಂಬುಲೆನ್ಸ್ ಸಿಬ್ಬಂದಿ ಬೆರಳೆಣಿಕೆಯಷ್ಟು. ಕಾಲಿನಿಂದ ರಕ್ತ ಸುರಿಯುತ್ತಿದ್ದ ಯುವಕನೊಬ್ಬನಿಗೆ ಪರಿಚಯವೇ ಇಲ್ಲದ ಒಬ್ಬರು ತಮ್ಮ ಹೆಂಡತಿಯ ಬೆಲ್ಟನ್ನು ಬಿಗಿದು ಬಹಳ ಹೊತ್ತು ಹಿಡಿದುಕೊಂಡು ಕುಳಿತಿದ್ದರು. ಆ ಯುವಕ ಉಳಿಯಲಿಲ್ಲ. ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿದ್ದರೆ ಉಳಿಯುವ ಸಾಧ್ಯತೆ ಹೆಚ್ಚಿತ್ತು ಎಂದು ಸಾರ್ವಜನಿಕ ವಿಚಾರಣೆ 2022ರಲ್ಲಿ ಹೇಳಿತು. ಆ ವರದಿಯ ವಿವರಗಳನ್ನು ಓದಿದರೆ ಎದೆ ಭಾರವಾಗುತ್ತದೆ. ಆ ಹೊತ್ತಿಗೆ ಪಕ್ಕದಲ್ಲಿರುವ ಅಪರಿಚಿತನ ಕೈಯೇ ಆಸ್ಪತ್ರೆ ಎಂಬುದು ನನಗೆ ಅದರಿಂದ ತಿಳಿದದ್ದು.

ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಅದನ್ನು ತಡೆಯಲು ಡಾಕ್ಟರ್ ಓದು ಬೇಕಿಲ್ಲ. ಮೊದಲು ನಿಮಗೆ ಅಪಾಯವಿಲ್ಲ ಎಂದು ನೋಡಿಕೊಳ್ಳಿ. ದುಪಟ್ಟ, ಟವೆಲು, ಶರಟು ಯಾವುದಾದರೂ ಸರಿ, ಗಾಯದ ಮೇಲಿಟ್ಟು ಎರಡೂ ಅಂಗೈಗಳಿಂದ, ಮೈಭಾರ ಹಾಕಿ ಒತ್ತಿ. ಗಾಯ ಆಳವಾಗಿದ್ದರೆ ಬಟ್ಟೆಯನ್ನು ಅದರೊಳಗೇ ತುರುಕಿ ಒತ್ತಬೇಕು. ನೋವಿಗೆ ಅವರು ಕಿರುಚಿದರೂ ಬಿಡಬಾರದು. ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಬಾರದು. ಕೈಯಿಂದಲೋ ಕಾಲಿನಿಂದಲೋ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ, ಮೊಣಕೈ ಮೊಣಕಾಲಿನ ಕೀಲು ಬಿಟ್ಟು, ಅಗಲ ಬಟ್ಟೆಯ ಪಟ್ಟಿ ಕಟ್ಟಿ, ಗಂಟಿಗೆ ಕಡ್ಡಿಯೋ ಸೌಟೋ ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುಚಬೇಕು. ತಂತಿ, ತೆಳು ಹಗ್ಗ ಬೇಡ. ಕಟ್ಟಿದ ಹೊತ್ತು ಬರೆದಿಡಿ, ಆಸ್ಪತ್ರೆಯವರೆಗೆ ಸಡಿಲಿಸಬೇಡಿ. ಮೈಗೆ ಚುಚ್ಚಿಕೊಂಡ ಕಬ್ಬಿಣ, ಗಾಜು ಕೀಳಬೇಡಿ. ನೆಲಕ್ಕೆ ಬಿದ್ದವರಿಗೆ ನೀರು ಕುಡಿಸಲು ಧಾವಿಸುವುದು ನಮ್ಮ ಸ್ವಭಾವ. ಪ್ರೀತಿಯ ಕೆಲಸವಾದರೂ ಆಪರೇಷನ್ ಬೇಕಾಗಬಹುದಾದವರಿಗೆ ಅದು ತೊಂದರೆ ಮಾಡುತ್ತದೆ. ಎದೆ, ಹೊಟ್ಟೆಯ ಗಾಯಕ್ಕೆ ಪಟ್ಟಿ ಕಟ್ಟಿ ಪ್ರಯೋಜನವಿಲ್ಲ. ಅಂಥವರನ್ನು ಎಲ್ಲರಿಗಿಂತ ಮೊದಲು ಸಾಗಿಸಬೇಕು.

ಇದೆಲ್ಲ ಓದಿ ಬರುವ ವಿದ್ಯೆಯಲ್ಲ, ಒಮ್ಮೆ ಕೈಯಾರೆ ಮಾಡಿ ನೋಡಬೇಕು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆಯ ತರಬೇತಿ ಕೊಡುತ್ತವೆ.

ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತು ಎಂಬ ಹೆದರಿಕೆಯಿಂದ ಕೈ ಕಟ್ಟಿ ನಿಲ್ಲುವವರಿಗೆ ಒಂದು ಮಾತು. ಗಾಯಾಳು ಬಂದರೆ ಯಾವ ವೈದ್ಯರೂ ಕಾನೂನಿನ ನೆಪ ಹೇಳಿ ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ತುರ್ತು ಹೊತ್ತಿನಲ್ಲಿ ನೆರವಾದವರನ್ನು ಕಾಪಾಡಲು ಕರ್ನಾಟಕವೇ 2016ರಲ್ಲಿ ಕಾನೂನು ರೂಪಿಸಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಯ ಅಂಕಿತ ಬಿತ್ತು. ನಮ್ಮದೇ ರಾಜ್ಯದ ಈ ಕಾನೂನಿನ ಸುದ್ದಿ ಪ್ರತಿ ಬಸ್ ನಿಲ್ದಾಣದ ಗೋಡೆಯ ಮೇಲೆ ಇರಬೇಕಿತ್ತು.

ಕ್ಯಾಮೆರಾ ಇದೆ, ದಾರಿ ಇಲ್ಲ

ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಜಾಗಗಳಲ್ಲಿ ಸಿಸಿಟಿವಿ ಕಡ್ಡಾಯ, ಅದರ ದೃಶ್ಯಗಳನ್ನು 30 ದಿನ ಇಡಬೇಕು. ಒಳ್ಳೆಯದೇ. ರಾಮೇಶ್ವರಂ ಕೆಫೆಯ ತನಿಖೆಗೆ ಕ್ಯಾಮೆರಾಗಳು ದಾರಿ ತೋರಿಸಿದವು. ಆದರೆ ಕ್ಯಾಮೆರಾ ನೆರವಾಗುವುದು ಆದಮೇಲೆ. ಆಗುತ್ತಿರುವಾಗ ಒಳಗಿದ್ದವರಿಗೆ ಬೇಕಾದದ್ದು ತೆರೆದ ಬಾಗಿಲು, ಕೇಳಿಸುವ ದನಿ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು ಒಂಬತ್ತು ಮಂದಿ ಸತ್ತಾಗ ತುರ್ತು ನಿರ್ಗಮನದ ಬಾಗಿಲುಗಳು ಮುಚ್ಚಿದ್ದವು ಎಂದು ವರದಿಯಾಗಿತ್ತು. ಆಮೇಲೂ ಈ ಊರಿನ ಎಷ್ಟು ಛತ್ರಗಳಲ್ಲಿ ಹಿಂಬಾಗಿಲಿಗೆ ಸರಪಳಿ ಬಿಗಿದಿಲ್ಲ? ಎಷ್ಟು ಮಾಲ್‌ಗಳಲ್ಲಿ ಎಕ್ಸಿಟ್ ಎಂದು ಹಸಿರು ದೀಪ ಉರಿಯುವ ಬಾಗಿಲಿನ ಹಿಂದೆ ರಟ್ಟಿನ ಡಬ್ಬಿಗಳ ರಾಶಿ ಇಲ್ಲ?

ಮ್ಯಾಂಚೆಸ್ಟರ್ ದಾಳಿಯಲ್ಲಿ ಮಗ ಮಾರ್ಟಿನ್ ಹೆಟ್‌ನನ್ನು ಕಳೆದುಕೊಂಡ ಫಿಗೆನ್ ಮರ್ರೆ ಎಂಬ ತಾಯಿ ವರ್ಷಗಟ್ಟಲೆ ಹೋರಾಡಿದರು. 2024ರಲ್ಲಿ ಮ್ಯಾಂಚೆಸ್ಟರಿನಿಂದ ಲಂಡನ್ನಿನ ಪ್ರಧಾನಿ ಕಚೇರಿಯವರೆಗೆ ನಡೆದೇ ಹೋದರು. 2025ರ ಏಪ್ರಿಲಿನಲ್ಲಿ ಬ್ರಿಟನ್ ಆ ಮಗನ ಹೆಸರಿನಿಂದಲೇ ಜನಜನಿತವಾದ ಕಾನೂನು ಮಾಡಿತು. 200 ಅಥವಾ ಅದಕ್ಕಿಂತ ಹೆಚ್ಚು ಜನ ಸೇರಬಹುದಾದ ಜಾಗವನ್ನು ನಡೆಸುವವರು ದಾಳಿಯಾದರೆ ಜನರನ್ನು ಹೊರಗೆ ಕಳಿಸುವುದು ಹೇಗೆ, ಒಳಗೇ ಭದ್ರ ಮಾಡುವುದು ಹೇಗೆ, ಬಾಗಿಲು ಹಾಕುವುದು ಹೇಗೆ, ಸುದ್ದಿ ಮುಟ್ಟಿಸುವುದು ಹೇಗೆ ಎಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು ಎಂಬುದು ಅದರ ತಿರುಳು. ಜಾರಿಗೆ ಸಿದ್ಧವಾಗಲು ಕನಿಷ್ಠ ಎರಡು ವರ್ಷ ಕೊಟ್ಟಿದ್ದಾರೆ.

ನಮಗೂ ಇಂಥದೊಂದು ಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಕರ್ನಾಟಕದ ಕಾಯ್ದೆಯಲ್ಲಿ ಕ್ಯಾಮೆರಾದ ಪಕ್ಕದಲ್ಲೇ ಇನ್ನೆರಡು ಸಾಲು ಸೇರಿಸಿದರೆ ಆರಂಭಕ್ಕೆ ಸಾಕು: ಜನರಿರುವಾಗ ಯಾವ ಹೊರಬಾಗಿಲಿಗೂ ಬೀಗವಿರಬಾರದು, ಮೈಕಿನ ಮುಂದೆ ಕನ್ನಡದಲ್ಲೂ ಅಲ್ಲಿಗೆ ಬರುವ ಜನರ ಇತರ ಭಾಷೆಗಳಲ್ಲೂ ದಾರಿ ಹೇಳಬಲ್ಲ ತರಬೇತಾದ ಒಬ್ಬರು ಇರಬೇಕು. 2025ರ ಮೇ 7ರಂದು ಬೆಂಗಳೂರಿನಲ್ಲಿ ಯುದ್ಧದ ಹೊತ್ತಿನ ಅಣಕು ಕಾರ್ಯಾಚರಣೆ ನಡೆಸಲು ನಮಗೆ ಸಾಧ್ಯವಾಯಿತು. ವರ್ಷಕ್ಕೊಮ್ಮೆ ಮಾಲ್, ಮೆಟ್ರೊ ನಿಲ್ದಾಣ, ಕಾಲೇಜುಗಳಲ್ಲಿ ಅಭ್ಯಾಸ ಮಾಡಿಸುವುದು ಅದಕ್ಕಿಂತ ಕಷ್ಟದ್ದೇನಲ್ಲ. ಬಾಗಿಲ ಬಳಿಯ ಕಾವಲುಗಾರನಿಗೆ, ಮಾಣಿಗೆ, ಕಸ ಗುಡಿಸುವ ಅಮ್ಮನಿಗೆ ಮೊದಲು ಕಲಿಸಬೇಕು, ಕಟ್ಟಡದ ಸಂದುಗೊಂದು ಗೊತ್ತಿರುವುದು ಅವರಿಗೇ. ಕಡಿಮೆ ಸಂಬಳದ ಗುತ್ತಿಗೆ ಕೆಲಸಗಾರರು ಎಂದು ಅವರನ್ನು ತರಬೇತಿಯಿಂದ ಹೊರಗಿಡುವುದು ಇವತ್ತಿನ ರೂಢಿ. ಅದು ತಪ್ಪು, ಅಪಾಯಕಾರಿ ಕೂಡ.

ಬದುಕಿ ಬಂದವರ ಬಗ್ಗೆ ಒಂದು ಮಾತು ಉಳಿದಿದೆ. ಮೈಗೆ ಗಾಯವಿಲ್ಲದೆ ಮನೆಗೆ ಬಂದವರಿಗೂ ನಿದ್ದೆ ಬಾರದಿರಬಹುದು, ಬಾಗಿಲು ಬಡಿದ ಸದ್ದಿಗೆ ಮೈ ನಡುಗಬಹುದು, ನಾನು ಉಳಿದೆ ಅವರು ಹೋದರಲ್ಲ ಎಂಬ ಕೊರಗು ಕಾಡಬಹುದು. ನೀನು ಪುಣ್ಯವಂತ, ಮರೆತುಬಿಡು ಎಂದು ಹೇಳಿ ಅವರ ಬಾಯಿ ಮುಚ್ಚಿಸಬೇಡಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಆಪ್ತಸಲಹೆಗಾರರು ಉಚಿತವಾಗಿ ಮಾತಾಡುತ್ತಾರೆ, ಕನ್ನಡದಲ್ಲೂ. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಸರ್ಕಾರ ಕಾನೂನು ಮಾಡುವವರೆಗೆ ಕಾಯಬೇಕಿಲ್ಲ, ದುಡ್ಡು ಕೊಡುವ ಗಿರಾಕಿಯ ಮಾತಿಗೆ ಬೆಲೆ ಇದೆ. ಮಗಳ ಮದುವೆಗೆ ಛತ್ರ ಗೊತ್ತುಮಾಡಲು ಹೋದಾಗ ಊಟದ ಹಾಲಿನ ಹಿಂಬಾಗಿಲಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಮ್ಯಾನೇಜರನ್ನು ಕೇಳಿ. ನಿಮ್ಮೆದುರಿಗೇ ಆ ಬಾಗಿಲು ತೆಗೆಸಿ ನೋಡಿ. ಮದುವೆಯ ಎರಡೂ ದಿನ ಅದಕ್ಕೆ ಬೀಗ ಹಾಕುವುದಿಲ್ಲ ಎಂದು ಬರೆಸಿಕೊಂಡ ಮೇಲೆ ಮುಂಗಡ ಕೊಡಿ.